ಅಪ್ಪನ ನಂತರ ಅಮ್ಮನ ಕೈಗೆ ಎಷ್ಟು ಪಿಂಚಣಿ?

ಕೇಂದ್ರ ಸರ್ಕಾರದ ನೌಕರಿಯಿಂದ ನಿವೃತ್ತರಾದ ಅಪ್ಪ ತೀರಿಕೊಂಡರೆ ಅಮ್ಮನಿಗೆ ಕುಟುಂಬ ಪಿಂಚಣಿ ಬರುತ್ತದೆ. ಆದರೆ ಎಷ್ಟು? 2004ಕ್ಕೆ ಮೊದಲು ಸೇರಿದವರ, ಅಂದರೆ ಹಳೇ ಪಿಂಚಣಿಯವರ ಲೆಕ್ಕ ನೋಡೋಣ.

ಅಪ್ಪನ ಕೊನೆಯ ಮೂಲವೇತನ 60,000 ರೂಪಾಯಿ ಅಂತಿಟ್ಟುಕೊಳ್ಳಿ. ಪಿಂಚಣಿ 30,000. ಅವರು 64ಕ್ಕೆ ಹೋದರೆ, ಅವರಿಗೆ 67 ತುಂಬಬೇಕಿದ್ದ ದಿನದವರೆಗೆ ಅಮ್ಮನಿಗೂ ಅದೇ 30,000. ಆಮೇಲೆ ಮೂಲವೇತನದ ಶೇಕಡಾ 30, ಅಂದರೆ 18,000. ತುಟ್ಟಿಭತ್ಯೆ ಬೇರೆ ಸೇರುತ್ತದೆ. ಒಂದು ತಿಂಗಳು ಇದ್ದಕ್ಕಿದ್ದಂತೆ 12,000 ಕಡಿಮೆಯಾದರೆ ಯಾರಿಗಾದರೂ ಗಾಬರಿಯಾಗುತ್ತದೆ. ದಯವಿಟ್ಟು ಅಮ್ಮನಿಗೆ ಈಗಲೇ ಹೇಳಿಡಿ. ಅಪ್ಪ 67 ದಾಟಿದ ಮೇಲೆ ತೀರಿಕೊಂಡರೆ ಮೊದಲಿನಿಂದಲೇ ಶೇಕಡಾ 30.

ಮೂಲವೇತನ ಎಷ್ಟೇ ಇರಲಿ, 9,000ಕ್ಕಿಂತ ಕೆಳಗಿಳಿಯುವುದಿಲ್ಲ. ಅಮ್ಮನಿಗೆ 80 ತುಂಬಿದರೆ ಶೇಕಡಾ 20 ಹೆಚ್ಚುವರಿ. ನೌಕರಿಯಲ್ಲಿದ್ದವರು ಅಮ್ಮನಾದರೆ ಅಪ್ಪನಿಗೂ ಇದೇ ನಿಯಮ.

ಮಕ್ಕಳಿಲ್ಲದ ವಿಧವೆ ಮರುಮದುವೆಯಾದರೂ, ಆಕೆಯ ಸ್ವಂತ ಆದಾಯ ನಿಗದಿತ ಮಿತಿಯೊಳಗಿದ್ದರೆ, ಪಿಂಚಣಿ ನಿಲ್ಲುವುದಿಲ್ಲ. ಬಹಳ ಮಾನವೀಯವಾದ ನಿಯಮವಿದು. ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ.

ಈಗ ಬೀರು ತೆಗೆದು ಅಪ್ಪನ ಪಿಪಿಒ, ಅಂದರೆ ಪಿಂಚಣಿ ಪಾವತಿ ಆದೇಶ, ಹೊರಗಿಡಿ. ಅದರಲ್ಲಿ ಅಮ್ಮನ ಹೆಸರು ‘ಸಾವಿತ್ರಮ್ಮ’, ಆಧಾರ್‌ನಲ್ಲಿ ‘ಸಾವಿತ್ರಿ ಕೆ.’ ಅಂತಿದೆಯೇ? ಹುಟ್ಟಿದ ದಿನಾಂಕ ಹೊಂದುತ್ತಿಲ್ಲವೇ? ಅಪ್ಪ ಇರುವಾಗಲೇ ಅರ್ಜಿ ಕೊಟ್ಟು ಸರಿಮಾಡಿಸಿ. ಪಿಂಚಣಿ ಖಾತೆಯನ್ನೂ ಇಬ್ಬರ ಹೆಸರಿಗೆ ಜಂಟಿ ಮಾಡಿಸಿ. ಆಗ ಮರಣ ಪ್ರಮಾಣಪತ್ರ ಹಿಡಿದು ಬ್ಯಾಂಕಿಗೆ ಹೋದ ಅಮ್ಮ ಹೊಸ ಖಾತೆಗಾಗಿ ಅಲೆಯಬೇಕಿಲ್ಲ. ನಂತರ ಪ್ರತಿ ನವೆಂಬರ್‌ನಲ್ಲಿ ಆಕೆಯ ಹೆಸರಿನಲ್ಲೇ ಜೀವಿತ ಪ್ರಮಾಣಪತ್ರ ಕೊಡಬೇಕು.