ಪರದೇಶಿಗೊಂದು ಪುಸ್ತಕಭಂಡಾರ

ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಬೇರೆ ದೇಶದವನು ಎಂಬುದೊಂದು, ದಿಕ್ಕಿಲ್ಲದವನು ಎಂಬುದು ಮತ್ತೊಂದು. ಮೊದಲನೆಯ ಅರ್ಥವು ಎರಡನೆಯದಕ್ಕೆ ಜಾರಿದುದರಲ್ಲಿ ಆಶ್ಚರ್ಯವೇನೂ ಇಲ್ಲ. ದೇಶ ಬಿಟ್ಟವನು ನೆಲದೊಡನೆ ಮಾತನ್ನೂ ಕಳೆದುಕೊಳ್ಳುತ್ತಾನೆ. ತನ್ನ ನಾಡಿನಲ್ಲಿ ನಾಲ್ಕು ಜನಕ್ಕೆ ಬುದ್ಧಿ ಹೇಳುತ್ತಿದ್ದ ಗೃಹಸ್ಥನು ಅಮೆರಿಕದ ಸಣ್ಣ ಊರೊಂದರ ಮಾಂಸದ ಕಾರ್ಖಾನೆಗೆ ಕೂಲಿಯಾಗಿ ಬಂದೊಡನೆ ಇಂಗ್ಲಿಷಿನ ಮುಂದೆ ಮೂಕನಾಗುತ್ತಾನೆ. ವೈದ್ಯರ ಬಳಿ ಶಾಲೆಗೆ ಹೋಗುವ ಮಗನೇ ತಂದೆಗೆ ದುಭಾಷಿಯಾಗಬೇಕಾಗುತ್ತದೆ. ಹಿರಿತನವೇ ತಲೆಕೆಳಗಾಗುವ ಈ ಸಂಕಟವನ್ನು ಅರಿತವರು ಮಾತ್ರ ಅಂಥವನಿಗೆ ಭಾಷೆ ಕಲಿಸಬಲ್ಲರು.

ಅಂಥ ಊರಿನಲ್ಲಿ ಅವನು ಕಾಸಿಲ್ಲದೆ ಕಾಲಿಡಬಹುದಾದ ಮನೆಯೆಂದರೆ ಸಾರ್ವಜನಿಕ ಪುಸ್ತಕಭಂಡಾರ. 1848ರಲ್ಲಿ ಸ್ಕಾಟ್ಲೆಂಡಿನಿಂದ ವಲಸೆ ಬಂದ ಬಡ ನೇಕಾರನ ಮಗ ಆಂಡ್ರ್ಯೂ ಕಾರ್ನೆಗಿಯ ಹಣದಿಂದ ಆ ದೇಶದಲ್ಲಿ 1,600ಕ್ಕೂ ಮಿಕ್ಕ ಪುಸ್ತಕಭಂಡಾರಗಳೆದ್ದವು. ಅವುಗಳಲ್ಲಿ ಹೆಚ್ಚಿನವು ಸಣ್ಣ ಊರುಗಳಲ್ಲಿಯೇ. ಅವುಗಳಲ್ಲಿ ಎಷ್ಟೋ ಕಟ್ಟಡಗಳ ಮುಂದೆ ಎತ್ತರದ ಮೆಟ್ಟಿಲುಗಳುಂಟು. ವಿದ್ಯೆಯಿಂದ ಮನುಷ್ಯನು ಮೇಲೇರುವನೆಂಬುದು ಅವುಗಳ ಇಂಗಿತ. ಆದರೆ ಹೊಸಬನ ಪಾಲಿಗೆ ಕಣ್ಣಿಗೆ ಕಾಣದ ಬೇರೆ ಮೆಟ್ಟಿಲುಗಳೂ ಇವೆ: ಓದಲಾಗದ ಫಲಕ, ತುಂಬಲಾಗದ ಅರ್ಜಿ, ಬಾಡಿಗೆಯ ಕೋಣೆಯಲ್ಲಿರುವವನಿಂದ ಕೇಳುವ ವಿಳಾಸದ ಪುರಾವೆ, ಸದ್ದು ಮಾಡಬಾರದೆಂಬ ಕಟ್ಟಳೆ. ಮೌನದಲ್ಲಿ ಮಾತು ಕಲಿತವರುಂಟೆ?

ಈ ಮೆಟ್ಟಿಲುಗಳನ್ನು ತಗ್ಗಿಸಿದ ಮಹನೀಯರಲ್ಲಿ ಜೇನ್ ಮೌಡ್ ಕ್ಯಾಂಬೆಲ್ ಒಬ್ಬರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅವರು ನ್ಯೂಜೆರ್ಸಿಯ ಪ್ಯಾಸೇಯಿಕ್ ಎಂಬ ಗಿರಣಿಯೂರಿನ ಗ್ರಂಥಪಾಲಕಿಯಾಗಿದ್ದರು. ಉಣ್ಣೆಯ ಗಿರಣಿಗಳಿಗೆ ಪೂರ್ವ ಯೂರೋಪಿನಿಂದ ಬಂದ ಕೆಲಸಗಾರರಿಗಾಗಿ ಅವರವರ ನುಡಿಯ ಪುಸ್ತಕಗಳನ್ನೇ ಅವರು ತರಿಸಿದರು. ಅದು 1906ರ ಕಾನೂನು ಪೌರತ್ವ ಬೇಡುವವನಿಗೆ ಇಂಗ್ಲಿಷ್ ಮಾತನಾಡಲು ಬರಲೇಬೇಕೆಂದು ವಿಧಿಸಿದ ಕಾಲ. ಸ್ವಂತ ಭಾಷೆಯ ಪುಸ್ತಕ ಕೈಗಿತ್ತರೆ ಇವರು ಇಂಗ್ಲಿಷನ್ನು ಕಲಿಯುವುದೆಂದು ಎಂಬ ಆಕ್ಷೇಪಣೆ ಆಗಲೂ ಇತ್ತು, ಈಗಲೂ ಇದೆ. ಆದರೆ ತನ್ನ ಲಿಪಿಯನ್ನು ಕಪಾಟಿನಲ್ಲಿ ಕಂಡವನು ನಾಳೆಯೂ ಬರುತ್ತಾನೆ. ಬಂದವನ ಕೈ ಎಂದಾದರೊಂದು ದಿನ ಪಕ್ಕದ ಕಪಾಟಿಗೂ ನೀಡುತ್ತದೆ. ಬಾಗಿಲಲ್ಲೇ ಹಿಂದಿರುಗಿದವನಿಗೆ ಯಾವ ಭಾಷೆಯನ್ನು ಕಲಿಸುವುದು? ಯಾವ ಓದುಗನೂ ತನಗೆ ಸಲ್ಲುವ ಪುಸ್ತಕವಿಲ್ಲದೆ ಮರಳಬಾರದೆಂಬುದು ನಮ್ಮ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ಸೂತ್ರಗಳಲ್ಲೊಂದರ ತಾತ್ಪರ್ಯವೂ ಹೌದು.

ಸಣ್ಣ ಊರಿನ ಭಂಡಾರದ ಹಣದ ಚೀಲವೂ ಸಣ್ಣದು, ನಿಜ. ಹತ್ತು ಭಾಷೆಗಳ ಪುಸ್ತಕಗಳನ್ನು ಕೊಳ್ಳುವುದು ಅದಕ್ಕೆ ಆಗದ ಮಾತು. ಬೇರೆ ಭಂಡಾರಗಳಿಂದ ಎರವಲು ತರಿಸಬಹುದು. ಊರಿಗೆ ಬಂದಿರುವವರ ನುಡಿಗಳಲ್ಲಿ ಒಂದು ಅರ್ಜಿ, ಒಂದು ಸ್ವಾಗತದ ಫಲಕ ಇದ್ದರೆ ಅಷ್ಟೇ ದೊಡ್ಡದು. ವಯಸ್ಕರಿಗೆ ಮಕ್ಕಳ ಪಾಠಪುಸ್ತಕವನ್ನು ಕೊಟ್ಟು ನಾಚಿಸಬಾರದು. ಸುಲಭವಾದ ಇಂಗ್ಲಿಷಿನಲ್ಲಿ ದೊಡ್ಡವರ ಬಾಳನ್ನು ಹೇಳುವ ಪುಸ್ತಕಗಳು ಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಮಾತಿನ ಮೇಜು. ವಾರಕ್ಕೊಂದು ಸಂಜೆ, ಕಾರ್ಖಾನೆಯ ಪಾಳಿ ಮುಗಿದ ಮೇಲೆ, ಊರಿನವರೂ ಹೊಸಬರೂ ಒಂದೆಡೆ ಕುಳಿತು ಮಾತನಾಡುವ ಪದ್ಧತಿ ಅಲ್ಲಿನ ಅನೇಕ ಭಂಡಾರಗಳಲ್ಲಿ ಬೇರೂರಿದೆ. ಕಲಿಸುವವನು ಪಂಡಿತನಾಗಬೇಕಿಲ್ಲ, ಕಾಯುವ ತಾಳ್ಮೆಯಿದ್ದರೆ ಸಾಕು. ಪಾಠದ ವಸ್ತುವೂ ದೂರದ್ದಲ್ಲ: ಔಷಧದ ಚೀಟಿ, ಬಾಡಿಗೆಯ ಕರಾರು, ಮಗುವಿನ ಶಾಲೆಯಿಂದ ಬಂದ ಪತ್ರ. ಪ್ರತಿ ತಪ್ಪನ್ನೂ ತಿದ್ದಹೊರಟರೆ ನಾಲಗೆ ಮುದುಡುತ್ತದೆ. ಅರ್ಥವಾದ ಮಾತಿಗೆ ಉತ್ತರ ಕೊಡುವುದೇ ಒಳ್ಳೆಯ ತಿದ್ದುಪಡಿ. ಅವನ ಊರಿನ ಅಡಿಗೆ, ಹಬ್ಬ, ಮಳೆಗಾಲಗಳನ್ನು ಕೇಳುವವರಿದ್ದರಂತೂ ಅವನು ಕೊಡುವವನೂ ಆಗುತ್ತಾನೆ. ಬರಿಯ ಬೇಡುವವನಾಗಿ ಉಳಿಯುವುದಿಲ್ಲ.

ಭಾಷೆಯ ಪರೀಕ್ಷೆ ಸರಕಾರಕ್ಕೆ ಬಿಟ್ಟದ್ದು. ಪುಸ್ತಕಭಂಡಾರದ ಪರೀಕ್ಷೆ ಬೇರೆ. ಮಗನ ನೆರವಿಲ್ಲದೆ ತಂದೆಯೊಬ್ಬನು ಮೇಜಿನ ಬಳಿಗೆ ಬಂದು, ತನಗೆ ಬೇಕಾದ ಪುಸ್ತಕವನ್ನು ತಾನೇ ಕೇಳಿ ಪಡೆದ ದಿನ ಆ ಊರಿಗೆ ಹೊಸ ನೆರೆಯವನೊಬ್ಬ ದೊರೆತನೆಂದು ತಿಳಿಯಬಹುದು.