ಪಟ್ಟಿಯ ಮೇಲಿನ ಗೆರೆ ಏನನ್ನು ಹೇಳುತ್ತದೆ?

ಔಷಧದ ಅಂಗಡಿಗಳಲ್ಲಿ ಈಗ ಬೆರಳುದ್ದದ ಒಂದು ಪರೀಕ್ಷಾ ಪಟ್ಟಿ ದೊರೆಯುತ್ತದೆ. ಅದರ ತುದಿಯನ್ನು ಮೂತ್ರದಲ್ಲಿ ಅದ್ದಿ ಕೆಲವು ನಿಮಿಷ ಕಾದರೆ, ಗರ್ಭಧಾರಣೆಗೆ ಅನುಕೂಲವಾದ ಕಾಲ ಸಮೀಪಿಸಿದೆಯೇ ಎಂಬುದು ಮನೆಯಲ್ಲಿಯೇ ತಿಳಿಯುತ್ತದೆ. ಮಗುವನ್ನು ಬಯಸುವ ದಂಪತಿಗಳು ಇದನ್ನು ಬಹು ಆಸೆಯಿಂದ ಕೊಳ್ಳುತ್ತಾರೆ. ಗೆರೆ ಮೂಡಿದರೆ ಹಿಗ್ಗು, ಮೂಡದಿದ್ದರೆ ಕೊರಗು. ಆದರೆ ಆ ಗೆರೆ ಹೇಳುವುದೇನು, ಹೇಳದೆ ಉಳಿಸುವುದೇನು ಎಂಬುದನ್ನು ಅರಿಯದಿದ್ದರೆ ತಿಂಗಳುಗಳು ವ್ಯರ್ಥವಾಗಿ ಕಳೆದುಹೋದಾವು. ಆದುದರಿಂದ ಈ ವಿಷಯವನ್ನು ತುಸು ವಿವರವಾಗಿ ಪರಿಶೀಲಿಸೋಣ.

ಪ್ರತಿ ಋತುಚಕ್ರದಲ್ಲಿಯೂ ಸಾಮಾನ್ಯವಾಗಿ ಒಂದು ಅಂಡಾಣುವು ಅಂಡಾಶಯದೊಳಗಿನ ದ್ರವ ತುಂಬಿದ ಕಿರುಚೀಲದಲ್ಲಿ ಪಕ್ವವಾಗುತ್ತದೆ. ಚೀಲವು ಬೆಳೆದಂತೆ ಈಸ್ಟ್ರೋಜೆನ್ ಎಂಬ ಹಾರ್ಮೋನನ್ನು ಹೆಚ್ಚು ಹೆಚ್ಚಾಗಿ ಸ್ರವಿಸುತ್ತದೆ. ಅದರ ಪ್ರಮಾಣವು ಒಂದು ಮಟ್ಟವನ್ನು ಮೀರಿ ನಿಂತಾಗ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಎಲ್‌ಎಚ್ ಎಂಬ ಮತ್ತೊಂದು ಹಾರ್ಮೋನನ್ನು ಒಮ್ಮೆಗೇ ರಕ್ತಕ್ಕೆ ಸುರಿಸುತ್ತದೆ. ಈ ಉಬ್ಬರ ತೊಡಗಿದ ಮೇಲೆ ಸುಮಾರು 24ರಿಂದ 36 ಗಂಟೆಗಳಲ್ಲಿ ಚೀಲವು ಬಿರಿದು ಅಂಡಾಣು ಹೊರಬರುತ್ತದೆ. ಇದೇ ಅಂಡೋತ್ಸರ್ಗ. ರಕ್ತದಲ್ಲಿನ ಎಲ್‌ಎಚ್‌ನ ಒಂದಂಶ ಮೂತ್ರಕ್ಕೂ ಬರುತ್ತದೆ; ಪಟ್ಟಿಯು ಗುರುತಿಸುವುದು ಅದನ್ನೇ.

ಪಂಚಾಂಗ ನೋಡಿ ದಿನವನ್ನು ಎಣಿಸಿದರೆ ಸಾಲದೇ ಎಂದು ವಾಚಕರು ಕೇಳಬಹುದು. ಜಪಾನಿನ ಕ್ಯೂಸಾಕು ಓಗಿನೊ 1924ರಲ್ಲಿಯೂ ಆಸ್ಟ್ರಿಯದ ಹೆರ್ಮಾನ್ ಕ್ನಾಸ್ 1928ರಲ್ಲಿಯೂ, ಒಬ್ಬರನ್ನೊಬ್ಬರು ಅವಲಂಬಿಸದೆ, ಅಂಡೋತ್ಸರ್ಗವು ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದಲು ನಡೆಯುತ್ತದೆ ಎಂದು ತೋರಿಸಿಕೊಟ್ಟರು. ತೊಡಕಿರುವುದೂ ಇಲ್ಲಿಯೇ. ಎಣಿಕೆಯನ್ನು ಹಿಂದುಹಿಂದಕ್ಕೆ ಮಾಡಬೇಕು. ಆದರೆ ಯಾವ ದಿನದಿಂದ ಎಣಿಸಬೇಕೋ ಆ ದಿನವಿನ್ನೂ ಬಂದಿಲ್ಲ! 28 ದಿನಗಳ ಚಕ್ರದಲ್ಲಿ ಅಂಡೋತ್ಸರ್ಗವು 14ನೆಯ ದಿನದ ಆಸುಪಾಸಿನಲ್ಲಾದರೆ 35 ದಿನಗಳ ಚಕ್ರದಲ್ಲಿ 21ನೆಯ ದಿನದ ಆಸುಪಾಸಿನಲ್ಲಾದೀತು. ಚಕ್ರವು ತಿಂಗಳಿಂದ ತಿಂಗಳಿಗೆ ವ್ಯತ್ಯಾಸವಾಗುವವರಿಗೆ ಎಣಿಕೆಯೊಂದೇ ಸಾಲದು. ಎಣಿಸುವ ಬದಲು ಅಳೆಯುವುದೇ ಪಟ್ಟಿಯ ಹೆಚ್ಚುಗಾರಿಕೆ.

ಅಳೆಯುವ ಬಗೆ ಹೇಗೆ? ಹಣತೆಯ ಬತ್ತಿಯಲ್ಲಿ ಎಣ್ಣೆ ತಾನಾಗಿ ಏರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಎಳೆಗಳ ನಡುವಣ ಸೂಕ್ಷ್ಮ ಸಂದುಗಳು ದ್ರವವನ್ನು ಸೆಳೆದುಕೊಳ್ಳುವ ಆ ಕೇಶಾಕರ್ಷಣವೇ ಮೂತ್ರವನ್ನು ಪಟ್ಟಿಯುದ್ದಕ್ಕೂ ಸಾಗಿಸುತ್ತದೆ. ದಾರಿಯಲ್ಲಿ ಒಣಗಿಸಿಟ್ಟ ಚಿನ್ನದ ಕಣಗಳಿರುತ್ತವೆ. ಒಂದು ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಅಂಥ ಕೆಲವು ಹತ್ತು ಪಾಲುಗಳಷ್ಟೇ ಒಂದು ಕಣದ ಅಗಲ. ಇಷ್ಟು ಸಣ್ಣದಾದ ಚಿನ್ನವು ಹಳದಿಯಾಗಿ ಕಾಣುವುದಿಲ್ಲ. ಅದರ ಎಲೆಕ್ಟ್ರಾನುಗಳು ಹಸಿರು ಬೆಳಕಿನೊಡನೆ ಒಟ್ಟಾಗಿ ತುಯ್ದಾಡಿ ಅದನ್ನು ಹೀರಿಕೊಳ್ಳುವುದರಿಂದ ಕೆಂಪು ಉಳಿಯುತ್ತದೆ. ಮೈಕೆಲ್ ಫ್ಯಾರಡೆ 1857ರಲ್ಲಿಯೇ ಇಂಥ ಮಾಣಿಕ್ಯವರ್ಣದ ಚಿನ್ನದ ದ್ರವವನ್ನು ಕುರಿತು ಉಪನ್ಯಾಸ ಮಾಡಿದ್ದನು.

ಈ ಕಣಗಳಿಗೆ ಎಲ್‌ಎಚ್ ಅಣುವನ್ನು ಮಾತ್ರ ಹಿಡಿಯುವ ಪ್ರತಿಕಾಯಗಳನ್ನು ಅಂಟಿಸಿರುತ್ತಾರೆ. ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು ಕೋಹ್ಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ಪ್ರಕಟಿಸಿದರು. ಪಟ್ಟಿಯ ನಡುವೆ ಅದೇ ಅಣುವಿನ ಇನ್ನೊಂದು ಪಾರ್ಶ್ವವನ್ನು ಹಿಡಿಯುವ ಪ್ರತಿಕಾಯಗಳ ಸಾಲೊಂದಿದೆ. ಎಲ್‌ಎಚ್ ಇದ್ದರೆ ಅದು ಚಿನ್ನದ ಕಣವನ್ನೂ ತನ್ನೊಡನೆ ಎಳೆತಂದು ಅಲ್ಲಿ ಸಿಕ್ಕಿಬೀಳುತ್ತದೆ. ಕೆಂಪು ಗೆರೆ ಮೂಡುತ್ತದೆ. ಅದರಾಚೆಯ ಎರಡನೆಯ ಗೆರೆ, ದ್ರವವು ಸರಿಯಾಗಿ ಹರಿದಿದೆ ಎಂಬುದಕ್ಕೆ ಸಾಕ್ಷಿ ಮಾತ್ರ. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಪಟ್ಟಿಗಳದೂ ಇದೇ ತತ್ತ್ವ.

ಓದುವಾಗ ಒಂದು ಎಚ್ಚರ ಅಗತ್ಯ. ಗರ್ಭಪರೀಕ್ಷೆಯಲ್ಲಿ ಮಸುಕಾದ ಗೆರೆಗೂ ಅರ್ಥವುಂಟು. ಇಲ್ಲಿ ಹಾಗಲ್ಲ. ಎಲ್‌ಎಚ್ ಎಲ್ಲ ದಿನಗಳಲ್ಲಿಯೂ ಅಲ್ಪಸ್ವಲ್ಪ ಇದ್ದೇ ಇರುತ್ತದೆ. ಆದುದರಿಂದ ಪರೀಕ್ಷೆಯ ಗೆರೆಯು ಸಾಕ್ಷಿಗೆರೆಯಷ್ಟೇ ಅಥವಾ ಅದಕ್ಕಿಂತ ಗಾಢವಾದಾಗ ಮಾತ್ರ ಉಬ್ಬರವೆಂದು ತಿಳಿಯಬೇಕು. ಪರೀಕ್ಷೆಗೆ ಮುನ್ನ ಬಹಳ ನೀರು ಕುಡಿದರೆ ಮೂತ್ರ ತಿಳಿಯಾಗಿ ಗೆರೆ ಮಂಕಾಗುತ್ತದೆ. 28 ದಿನಗಳ ಚಕ್ರದವರು 10 ಅಥವಾ 11ನೆಯ ದಿನದಿಂದ, ದಿನವೂ ಒಂದೇ ಹೊತ್ತಿಗೆ ಪರೀಕ್ಷಿಸುವುದು ಮೇಲು.

ಈಗ ಮುಖ್ಯವಾದ ಮಾತಿಗೆ ಬರೋಣ. ಹೊರಬಂದ ಅಂಡಾಣುವಿನ ಆಯುಸ್ಸು ಒಂದು ದಿನವನ್ನು ಮೀರುವುದಿಲ್ಲ. ವೀರ್ಯಾಣುಗಳಾದರೋ ಸ್ತ್ರೀಶರೀರದಲ್ಲಿ 5 ದಿನಗಳವರೆಗೂ ಜೀವಿಸಿರಬಲ್ಲವು. 1995ರಲ್ಲಿ ಅಮೆರಿಕದ ವಿಜ್ಞಾನಿಗಳು 221 ಸ್ತ್ರೀಯರ ದಿನದಿನದ ಮೂತ್ರವನ್ನು ಪರೀಕ್ಷಿಸಿ ಪ್ರಕಟಿಸಿದ ನಿರ್ಣಯವೂ ಇದಕ್ಕೆ ಹೊಂದುತ್ತದೆ: ಗರ್ಭ ನಿಂತದ್ದು ಅಂಡೋತ್ಸರ್ಗದ ದಿನ ಮತ್ತು ಅದರ ಹಿಂದಿನ 5 ದಿನಗಳು, ಹೀಗೆ 6 ದಿನಗಳ ಸಮಾಗಮದಿಂದ ಮಾತ್ರ. ಗಾಢವಾದ ಗೆರೆ ಕಾಣುವ ವೇಳೆಗೆ ಈ ಆರರಲ್ಲಿ ಹೆಚ್ಚಿನವು ಕಳೆದಿರುತ್ತವೆ. ಉಳಿದ ಒಂದೆರಡು ದಿನಗಳು ಒಳ್ಳೆಯ ದಿನಗಳೇ ಹೌದು. ಆದರೆ ಗೆರೆ ಬರಲೆಂದೇ ಕಾಯುತ್ತ ಕೂರುವವರು ಮೊದಲಿನವುಗಳನ್ನು ಕಳೆದುಕೊಳ್ಳುತ್ತಾರೆ. ಪಟ್ಟಿಯು ಬಾಗಿಲು ತೆರೆಯುವುದನ್ನು ಸಾರುವುದಿಲ್ಲ. ಮುಚ್ಚುವ ಹೊತ್ತು ಬಂದಿತೆಂದು ಸಾರುತ್ತದೆ. ಇದೇ ಕಾರಣದಿಂದ ಗರ್ಭನಿರೋಧಕ್ಕಾಗಿ ಈ ಪಟ್ಟಿಯನ್ನು ನಂಬುವಂತಿಲ್ಲ.

ಇನ್ನೊಂದು ಮಿತಿಯುಂಟು. ಗೆರೆಯು ಅಪ್ಪಣೆ ಹೊರಟಿತೆಂದು ತಿಳಿಸುತ್ತದೆಯೇ ಹೊರತು ಅದು ನೆರವೇರಿತೆಂದು ತಿಳಿಸುವುದಿಲ್ಲ. ಉಬ್ಬರ ಬಂದರೂ ಅಂಡಾಣು ಹೊರಬಾರದಿರಬಹುದು. ಪಿಸಿಒಎಸ್ ಎಂಬ ತೊಂದರೆಯುಳ್ಳ ಕೆಲವರಲ್ಲಿ ಎಲ್‌ಎಚ್ ಸದಾ ಹೆಚ್ಚಾಗಿದ್ದು ಗೆರೆಯು ಹುಸಿಯಾಗಿಯೂ ಮೂಡೀತು. ಅಂಡನಾಳ ಮುಚ್ಚಿದ್ದರೆ ಪಟ್ಟಿಗೆ ತಿಳಿಯದು. ಪತಿಯ ವೀರ್ಯಾಣುಗಳ ವಿಷಯದಲ್ಲಂತೂ ಅದು ಸಂಪೂರ್ಣ ಮೌನ. ಆದರೂ ಮೂತ್ರ ಪರೀಕ್ಷಿಸಿಕೊಳ್ಳುವವಳು ಹೆಂಡತಿಯಾದುದರಿಂದ ದೋಷವೂ ಅವಳದೇ ಎಂದು ಎಣಿಸುವ ಮನೆಗಳಿವೆ. ಇದು ಅನ್ಯಾಯ, ಅವೈಜ್ಞಾನಿಕವೂ ಹೌದು. ಬಂಜೆತನದ ಕಾರಣ ಪುರುಷನಲ್ಲಿರುವ ಪ್ರಸಂಗಗಳು ಅಪರೂಪವಲ್ಲ.

ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ, ಸ್ತ್ರೀಯ ವಯಸ್ಸು 35 ಮೀರಿದ್ದಲ್ಲಿ ಆರೇ ತಿಂಗಳಿಗೆ, ವೈದ್ಯರನ್ನು ಕಾಣಬೇಕು. ಪಟ್ಟಿಯು ದಿನವನ್ನು ತೋರಿಸಬಲ್ಲದು, ಕಾರಣವನ್ನು ತೋರಿಸಲಾರದು. ಕಾರಣವನ್ನು ಹುಡುಕುವುದು ವೈದ್ಯರ ಕೆಲಸ. ಅವರ ಬಳಿಗೆ ಹೋಗಬೇಕಾದವರು ಗಂಡಹೆಂಡಿರಿಬ್ಬರೂ.