ರಕ್ತದ ಸಕ್ಕರೆಯ ಕುಸಿತ ಮತ್ತು ನಿತ್ಯದ ಊಟೋಪಚಾರ

ಮಧುಮೇಹವೆಂದೊಡನೆ ರಕ್ತದಲ್ಲಿ ಸಕ್ಕರೆ ಏರುವುದೊಂದೇ ಜನರ ಮನಸ್ಸಿಗೆ ಬರುತ್ತದೆ. ಏರಿಕೆಯ ಹಾನಿ ಬಹುಮಟ್ಟಿಗೆ ವರ್ಷಗಳ ಲೆಕ್ಕದ್ದು. ಇಳಿಕೆಯ ಹಾನಿಯಾದರೋ ನಿಮಿಷಗಳ ಲೆಕ್ಕದ್ದು. ಆದರೂ ಸಕ್ಕರೆಯನ್ನು ಶತ್ರುವೆಂದೇ ಬಗೆದು, ಕೈ ನಡುಗುತ್ತಿರುವಾಗಲೂ ಅದನ್ನು ಮುಟ್ಟಲೊಲ್ಲದ ರೋಗಿಗಳು ಇಲ್ಲದಿಲ್ಲ.

ವಯಸ್ಕನ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಅದರಲ್ಲಿ ಕರಗಿರುವ ಗ್ಲೂಕೋಸ್ ಒಟ್ಟು ಸುಮಾರು 5 ಗ್ರಾಂ, ಅಂದರೆ ಒಂದು ಚಹಾ ಚಮಚದಷ್ಟು ಮಾತ್ರ. ಮಿದುಳೊಂದೇ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸನ್ನು ಬೇಡುತ್ತದೆ. ಕೈಯಲ್ಲಿರುವ ನಗದು ಇಷ್ಟು ಅಲ್ಪ, ಖರ್ಚು ಅಷ್ಟು ಅಧಿಕ! ಈ ವ್ಯವಹಾರ ನಡೆಯುವುದು ಯಕೃತ್ತೆಂಬ ಖಜಾನೆಯ ಬಲದಿಂದ. ಉಂಡಾಗ ಬಂದ ಹೆಚ್ಚುವರಿ ಗ್ಲೂಕೋಸನ್ನು ಇನ್ಸುಲಿನ್ ಅಲ್ಲಿ ಗ್ಲೈಕೋಜೆನ್ ರೂಪದಲ್ಲಿ ಠೇವಣಿ ಇಡಿಸುತ್ತದೆ. ಹಸಿದಾಗ ಗ್ಲುಕಗಾನ್ ಎಂಬ ಇನ್ನೊಂದು ರಸವು ಅದನ್ನು ಬಿಡಿಸಿಕೊಡುತ್ತದೆ. ಆರೋಗ್ಯವಂತನು ಒಂದು ಹೊತ್ತಿನ ಊಟ ಬಿಟ್ಟರೂ ನೆಲಕ್ಕುರುಳದಿರುವುದು ಈ ಏರ್ಪಾಡಿನಿಂದಲೇ.

ಇನ್ಸುಲಿನ್ ಚುಚ್ಚಿಕೊಳ್ಳುವವರಲ್ಲಿ ಮತ್ತು ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಮೊದಲಾದ ಮಾತ್ರೆಗಳನ್ನು ಸೇವಿಸುವವರಲ್ಲಿ ಈ ಏರ್ಪಾಡು ಕೆಡಬಹುದು. ಔಷಧಕ್ಕೆ ಊಟ ತಡವಾಯಿತೆಂಬ ಅರಿವಿಲ್ಲ. ಜಮೆ ಬರಲಿ ಬಾರದಿರಲಿ ಅದು ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ. ಮೆಟ್‌ಫಾರ್ಮಿನ್ ಒಂದನ್ನೇ ಸೇವಿಸುವವರಲ್ಲಿ ಇಂಥ ಕುಸಿತ ವಿರಳ.

ಮುಂಬಯಿಯ ದಿನಚರಿಯನ್ನೇ ನೋಡಬಹುದು. ಡೊಂಬಿವಲಿಯ ನೌಕರನೊಬ್ಬನು ಬೆಳಗಿನ ಆರೂವರೆಗೆ ಕಾಫಿಯೊಡನೆ ಮಾತ್ರೆ ನುಂಗಿ, ತಿಂಡಿಯನ್ನು ಕಚೇರಿಯ ಕ್ಯಾಂಟೀನಿಗೆ ಮೀಸಲಿಟ್ಟು ಲೋಕಲ್ ಗಾಡಿ ಹಿಡಿಯುತ್ತಾನೆಂದುಕೊಳ್ಳೋಣ. ಜುಲೈ ತಿಂಗಳ ಮಳೆಯಲ್ಲಿ ಗಾಡಿ ಕುರ್ಲಾದ ಬಳಿ ನಿಂತುಬಿಟ್ಟರೆ, ಕ್ಯಾಂಟೀನು ಇನ್ನೂ ಹನ್ನೆರಡು ಮೈಲಿ ದೂರ, ಮಾತ್ರೆಯಾದರೋ ಹೊಟ್ಟೆಯೊಳಗೇ ಇದೆ. ಬೆವರು, ನಡುಕ, ಎದೆ ಬಡಿತ, ತಾಳಲಾರದ ಹಸಿವು, ಕಾರಣವಿಲ್ಲದ ಸಿಡುಕು: ಇವು ಕುಸಿತದ ಮೊದಲ ಚಿಹ್ನೆಗಳು. ಕಿಕ್ಕಿರಿದ ಡಬ್ಬಿಯಲ್ಲಿ ಬೆವರದವರಾರು, ಸಿಡುಕದವರಾರು? ಆದುದರಿಂದಲೇ ಇಲ್ಲಿ ಅವನು ತನ್ನ ಸ್ಥಿತಿಯನ್ನು ಸೆಕೆಯೆಂದು ಬಗೆಯುತ್ತಾನೆ. 100 ಮಿಲಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಅದು ಕುಸಿತ. 54ಕ್ಕಿಂತಲೂ ಕೆಳಗಾದರೆ ಅಪಾಯ. ಆಗ ಮಾತು ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ, ಸಹಪ್ರಯಾಣಿಕರು ಕುಡಿದವನೆಂದು ಸರಿದು ನಿಲ್ಲುತ್ತಾರೆ. ರಕ್ತದೊತ್ತಡಕ್ಕಾಗಿ ಬೀಟಾ ಬ್ಲಾಕರ್ ವರ್ಗದ ಮಾತ್ರೆ ಸೇವಿಸುವವರಿಗೆ ನಡುಕ, ಎದೆ ಬಡಿತಗಳ ಎಚ್ಚರಿಕೆಯೂ ಸರಿಯಾಗಿ ದೊರೆಯದೆ ಹೋಗಬಹುದು.

ಚಿಕಿತ್ಸೆ ಸರಳ. 15 ಗ್ರಾಂನಷ್ಟು ಗ್ಲೂಕೋಸ್ ಪುಡಿ ಅಥವಾ ಸಕ್ಕರೆ, ಅಂದರೆ ಮೂರು ಚಹಾ ಚಮಚ, ನೀರಿನಲ್ಲಿ ಕದಡಿ ಕುಡಿಯತಕ್ಕದ್ದು. 15 ನಿಮಿಷಗಳಲ್ಲಿ ಚೇತರಿಸದಿದ್ದರೆ ಮತ್ತೆ ಅಷ್ಟೇ. ಚೇತರಿಸಿದ ಮೇಲೆ ಊಟವನ್ನೋ ತಿಂಡಿಯನ್ನೋ ಮಾಡಲೇಬೇಕು. ಪೇಡೆ, ಚಾಕೊಲೇಟುಗಳು ಇಲ್ಲಿ ಯೋಗ್ಯವಲ್ಲ. ಅವುಗಳಲ್ಲಿನ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಅಕಾರ್ಬೋಸ್ ಸೇವಿಸುವವರಿಗೆ ಸಾಮಾನ್ಯ ಸಕ್ಕರೆ ಬೇಗ ಫಲಿಸದು, ಗ್ಲೂಕೋಸೇ ಬೇಕು. ಎಚ್ಚರ ತಪ್ಪಿದವನ ಬಾಯಿಗೆ ಮಾತ್ರ ಏನನ್ನೂ ಹೊಯ್ಯಕೂಡದು, ಅದು ಶ್ವಾಸನಾಳಕ್ಕೆ ಇಳಿದೀತು. ಪಕ್ಕಕ್ಕೆ ಹೊರಳಿಸಿ ಮಲಗಿಸಿ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಮಧುಮೇಹವಿಲ್ಲದ ಕೆಲವರಿಗೂ ತಿಂದ ಎರಡು ನಾಲ್ಕು ಗಂಟೆಗಳಲ್ಲಿ ಸಕ್ಕರೆ ಇಳಿದು ಆಯಾಸವಾಗುವುದುಂಟು. ಸಿಹಿ ಕಾಫಿ, ಬಿಸ್ಕತ್ತು, ಶಿರಾಗಳಂಥ ಉಪಾಹಾರ ರಕ್ತಕ್ಕೆ ಒಮ್ಮೆಲೇ ಸಕ್ಕರೆ ಸುರಿಯುತ್ತದೆ. ಅದಕ್ಕೆ ಪ್ರತಿಯಾಗಿ ಇನ್ಸುಲಿನ್ ಅಳತೆ ಮೀರಿ ಸ್ರವಿಸಬಹುದು. ಈ ಏರಿಳಿತ ತಗ್ಗಬೇಕಾದರೆ ಪಿಷ್ಟದೊಡನೆ ಬೇಳೆಕಾಳು, ನಾರು, ಮೊಸರುಗಳು ಸೇರಬೇಕು. ಬರಿಯ ಇಡ್ಲಿಗಿಂತ ಬೇಳೆ ತುಂಬಿದ ಸಾಂಬಾರಿನೊಡನೆ ಇಡ್ಲಿ, ಬರಿಯ ಅವಲಕ್ಕಿಗಿಂತ ಶೇಂಗಾ ಬೆರೆತ ಅವಲಕ್ಕಿ ಲೇಸು. ಬಾಳೆಯೆಲೆಯ ಮೇಲೆ ಮೊದಲು ಬೀಳುವ ಕೋಸಂಬರಿಯನ್ನು ಅನ್ನ ಬರುವ ಮುನ್ನವೇ ತಿಂದು ಮುಗಿಸುವವನನ್ನು ಹಸಿದುಬಂದವನೆಂದು ನಗಬೇಕಾಗಿಲ್ಲ. ಅವನ ಕ್ರಮವೇ ಸರಿ. ರಾಗಿಯೆಂದಮಾತ್ರಕ್ಕೆ ಸಕ್ಕರೆ ಏರದೆಂಬ ನಂಬಿಕೆಯೂ ಅರ್ಧಸತ್ಯ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ ಬೇಗನೆ ಅರಗಿ ರಕ್ತ ಸೇರುತ್ತದೆ. ಸಂಜೆ ಕಚೇರಿ ಬಿಡುವ ಮುನ್ನ ಒಂದು ಹಿಡಿ ಹುರಿಗಡಲೆ ತಿಂದರೆ ಮನೆ ಸೇರುವವರೆಗಿನ ದೀರ್ಘ ಅಂತರ ತುಂಬುತ್ತದೆ.

ಊರಿನಿಂದ ಬಂದು ಮಕ್ಕಳ ಮನೆಯಲ್ಲಿರುವ ಹಿರಿಯರದು ಬೇರೆಯೇ ಚಿಂತೆ. ಏಕಾದಶಿಯಂದು ನಿರಾಹಾರ, ಮಾತ್ರೆ ಮಾತ್ರ ಎಂದಿನಂತೆ! ವಯಸ್ಸಾದವರಲ್ಲಿ ಮೂತ್ರಪಿಂಡದ ಶಕ್ತಿ ಕುಗ್ಗಿದ್ದರೆ ಕೆಲವು ಮಾತ್ರೆಗಳ ಪ್ರಭಾವ ಇನ್ನೂ ದೀರ್ಘವಾಗುತ್ತದೆ. ಉಪವಾಸದ ಪ್ರಮಾಣವನ್ನು ವೈದ್ಯರಿಂದ ಮೊದಲೇ ನಿಶ್ಚಯಿಸಿಕೊಳ್ಳುವುದು ವ್ರತಭಂಗವೇನಲ್ಲ. ಮಹಾರಾಷ್ಟ್ರದಲ್ಲಿ ನೆಲೆಸಿದ ಕನ್ನಡಿಗರು ರೂಢಿಸಿಕೊಂಡ ಸಾಬುದಾಣೆ ಖಿಚಡಿ ಬಹುತೇಕ ಪಿಷ್ಟವೇ. ಅದರಲ್ಲಿ ಶೇಂಗಾ ಧಾರಾಳವಾಗಿರಲಿ, ಪಕ್ಕದಲ್ಲಿ ಮೊಸರಿರಲಿ. ಖಾಲಿ ಹೊಟ್ಟೆಯ ಮದ್ಯವೂ ಯಕೃತ್ತು ಹೊಸ ಗ್ಲೂಕೋಸ್ ತಯಾರಿಸುವುದನ್ನು ತಡೆದು ನಿದ್ದೆಯಲ್ಲಿಯೇ ಕುಸಿತ ತರಬಲ್ಲದು.

ರೈಲಿನ ಪಾಸಿನ ಜೊತೆಗೆ ಗ್ಲೂಕೋಸಿನ ಒಂದು ಪೊಟ್ಟಣವೂ, ಮಧುಮೇಹಿಯೆಂದು, ಸೇವಿಸುವ ಔಷಧ ಇಂಥದೆಂದು ಬರೆದ ಒಂದು ಚೀಟಿಯೂ ಸದಾ ಜೇಬಿನಲ್ಲಿರತಕ್ಕದ್ದು. ಚೀಟಿ ಕನ್ನಡದಲ್ಲಿದ್ದರೆ ಸಾಲದು. ಓದುವವರು ಪಕ್ಕದಲ್ಲಿ ನಿಂತವರಾದುದರಿಂದ ಮುಂಬಯಿ ಪುಣೆಗಳಲ್ಲಿ ಮರಾಠಿ, ಚೆನ್ನೈಯಲ್ಲಿ ತಮಿಳು, ಹೈದರಾಬಾದಿನಲ್ಲಿ ತೆಲುಗು, ದಿಲ್ಲಿಯಲ್ಲಿ ಹಿಂದಿ ಬೇಕು.